ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕೆಲಸದ ಜಾಗದಲ್ಲಿ ಸಮಸ್ಯೆಯ ನಿಜವಾದ ಕಾರಣ ಹಿಡಿಯುವ ದಾರಿ

ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಕಾಲ. ಒಂದು ಸೋಮವಾರ ಬೆಳಿಗ್ಗೆ ಕಸ್ಟಮರ್ ಕಡೆಯಿಂದ ಫೋನ್ ಬಂತು. ‘ನಿಮ್ಮ ಹೌಸಿಂಗಲ್ಲಿ ಬೇರಿಂಗ್ ಕೂರ್ತಾ ಇಲ್ಲ ಸರ್, ಲೈನ್ ನಿಂತಿದೆ.’ ಅದು ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಬೇರಿಂಗ್ ಕೂರಿಸುವ ಕವಚ. ನಡುವೆ 50 ಮಿ.ಮೀ. ಬೋರ್, ಅಂದರೆ ದುಂಡನೆಯ ತೂತು. ಡ್ರಾಯಿಂಗ್ ಪ್ರಕಾರ ಆ ಬೋರ್ 50.000ಕ್ಕಿಂತ ಚಿಕ್ಕದಿರಬಾರದು, 50.025ಕ್ಕಿಂತ ದೊಡ್ಡದಿರಬಾರದು. ಅಂದರೆ ನಮಗೆ ಸಿಗುವುದು 25 ಮೈಕ್ರಾನ್ ಜಾಗ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ತಲೆಗೂದಲಿಗಿಂತ ತೆಳ್ಳಗೆ.

ನಮ್ಮಲ್ಲಿದ್ದ ಸ್ಟಾಕ್ ಪೂರ್ತಿ ಅಳೆದೆವು. ಗುರುವಾರದಿಂದ ಶನಿವಾರದವರೆಗೆ ಆದ 412 ಜಾಬ್‌ಗಳಲ್ಲಿ (ಮೆಷಿನ್ನಿನಲ್ಲಿ ಮಾಡುವ ಪ್ರತಿ ಪೀಸಿಗೂ ನಾವು ಜಾಬ್ ಅನ್ನುತ್ತೇವೆ) 37ರ ಬೋರ್ ಚಿಕ್ಕದಾಗಿತ್ತು. ಆ 37ರಲ್ಲಿ 35 ಸೆಕೆಂಡ್ ಶಿಫ್ಟಿನವು. ಆ ಶಿಫ್ಟಿನಲ್ಲಿ ಮೆಷಿನ್ ಮೇಲಿದ್ದವನು ಎರಡು ತಿಂಗಳ ಹಿಂದೆ ಸೇರಿದ್ದ ಹಾವೇರಿ ಕಡೆಯ ಐಟಿಐ ಹುಡುಗ. ಅವನು ಬರೆದ ಶೀಟಿನಲ್ಲಿ ಎಲ್ಲ ರೀಡಿಂಗೂ ಓಕೆ. ನಾವು ಅಳೆದರೆ ಓಕೆ ಅಲ್ಲ. ಹತ್ತು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು: ಹುಡುಗ ಅಳೆಯದೇ ಸುಮ್ನೆ ಬರೆದಿದ್ದಾನೆ. ನಾನೂ ತಲೆ ಆಡಿಸಿದೆ.

ಅದು ಇವತ್ತಿಗೂ ನನಗೆ ನೋವಿನ ವಿಷಯ. ಯಾಕೆಂದರೆ ಆ ಹುಡುಗ ಪ್ರತಿ ಜಾಬನ್ನೂ ಅಳೆದಿದ್ದ. ಕಂಡದ್ದನ್ನೇ ಬರೆದಿದ್ದ.

ಆ ವಾರ ನಾವು ಎಡವಿ ಎಡವಿ ಕಲಿತ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದರ ತಿರುಳು ಒಂದೇ. ಕೆಲಸದಲ್ಲಿ ಏನಾದರೂ ಕೆಟ್ಟರೆ ನಮ್ಮ ಬಾಯಿಂದ ಮೊದಲು ಬರುವ ಪ್ರಶ್ನೆ ‘ಯಾರು ಮಾಡಿದ್ದು?’ ಆ ಪ್ರಶ್ನೆಯನ್ನು ಕೊನೆಗೆ ಇಡಿ. ಏನು, ಎಲ್ಲಿ, ಯಾವಾಗ, ಎಷ್ಟು ಅನ್ನುವುದು ಮೊದಲು. ಇದು ಬರೀ ಕರುಣೆಯ ಮಾತಲ್ಲ. ‘ಯಾರು’ ಅನ್ನುವುದಕ್ಕೆ ಒಂದು ಹೆಸರು ಸಿಕ್ಕಿತು ಅಂದರೆ ಹುಡುಕಾಟ ಅಲ್ಲೇ ನಿಲ್ಲುತ್ತದೆ. ಕಾರಣ ಹಾಗೇ ಉಳಿದಿರುತ್ತದೆ.

ಹಂತ 1: ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಬಾಯಲ್ಲಿ ಹೇಳುವುದಲ್ಲ, ಬರೆಯುವುದು. ನಮ್ಮ ಬೋರ್ಡಿನ ಮೇಲೆ ಮೊದಲು ಬರೆದದ್ದು ‘ಸೆಕೆಂಡ್ ಶಿಫ್ಟ್ ಆಪರೇಟರ್ ಅಜಾಗರೂಕತೆ’ ಅಂತ. ಇದು ಸಮಸ್ಯೆ ಅಲ್ಲ, ತೀರ್ಪು. ಸಮಸ್ಯೆ ಬರೆದರೆ ಹೀಗಿರಬೇಕು: ‘ಗುರುವಾರದಿಂದ ಶನಿವಾರದವರೆಗೆ ಆದ 412 ಹೌಸಿಂಗ್‌ಗಳಲ್ಲಿ 37ರ ಬೋರ್ 50.000ಕ್ಕಿಂತ ಚಿಕ್ಕದಾಗಿದೆ. ಅತಿ ಚಿಕ್ಕದ್ದು 49.991.’

ನೀವು ಬರೆದ ವಾಕ್ಯದಲ್ಲಿ ‘ಯಾಕೆಂದರೆ’, ‘ಇಂದ’ ಅನ್ನುವ ಅರ್ಥ ಎಲ್ಲಾದರೂ ಇದೆಯಾ ನೋಡಿ. ಇದ್ದರೆ ತೆಗೆಯಿರಿ. ಯಾರದ್ದಾದರೂ ಹೆಸರು ಅಥವಾ ಡಿಪಾರ್ಟ್‌ಮೆಂಟ್ ಇದ್ದರೆ ಅದನ್ನೂ ತೆಗೆಯಿರಿ. ‘ತುಂಬಾ’, ‘ಯಾವಾಗಲೂ’, ‘ಪದೇ ಪದೇ’ ಅನ್ನುವ ಪದ ಇದ್ದರೆ ಅಲ್ಲಿ ಒಂದು ಅಂಕಿ ಹಾಕಿ. ಅಂಕಿ ಗೊತ್ತಿಲ್ಲವಾ? ಹಾಗಾದರೆ ನಿಮ್ಮ ಮೊದಲ ಕೆಲಸ ಎಣಿಸುವುದು.

ಹಂತ 2: ಮೊದಲು ಸೋರುವುದನ್ನು ನಿಲ್ಲಿಸಿ

ಕಾರಣ ಹುಡುಕುವುದು ಆಮೇಲೆ. ಕೆಟ್ಟದ್ದು ಮುಂದೆ ಹೋಗದ ಹಾಗೆ ತಡೆಯುವುದು ಈಗಲೇ. ನಾವು ಡಿಸ್ಪ್ಯಾಚ್ ನಿಲ್ಲಿಸಿದೆವು. ಚಿಕ್ಕ ಬೋರಿನ ಜಾಬ್‌ಗಳನ್ನು ಕೆಂಪು ಟ್ರೇಗೆ ಹಾಕಿದೆವು. ಕಸ್ಟಮರ್ ಹತ್ತಿರ ಇದ್ದ ಸ್ಟಾಕ್ ಅಳೆಯಲು ಒಬ್ಬರನ್ನು ಕಳಿಸಿದೆವು. ಬೋರ್ ಚಿಕ್ಕದಾಗಿದ್ದರೆ ಇನ್ನೊಂದು ಕಟ್ ತೆಗೆದು ಸರಿ ಮಾಡಬಹುದು. ದೊಡ್ಡದಾದರೆ ಸ್ಕ್ರ್ಯಾಪ್. ಆ ಮಟ್ಟಿಗೆ ನಮ್ಮ ಪುಣ್ಯ.

ಆದರೆ ಇದು ಪರಿಹಾರ ಅಲ್ಲ, ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ. ಎಷ್ಟೋ ಕಡೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ‘ಇನ್ನು ಮೇಲೆ ನೂರಕ್ಕೆ ನೂರು ಚೆಕ್ ಮಾಡಿ’ ಅಂತ ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ಮೂರು ತಿಂಗಳಿಗೆ ಅದೇ ಫೋನ್ ಮತ್ತೆ ಬರುತ್ತದೆ.

ಹಂತ 3: ಹೋಗಿ ನೋಡಿ, ಸಮಸ್ಯೆ ಆಗುವ ಹೊತ್ತಿಗೇ ಹೋಗಿ

‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಅನ್ನುತ್ತಾರೆ ನಮ್ಮ ಕಡೆ. ನಾವು ಪ್ರತ್ಯಕ್ಷವನ್ನೂ ನೋಡಿರಲಿಲ್ಲ. ಮೀಟಿಂಗ್ ಆದದ್ದು ಬೆಳಿಗ್ಗೆ 10ಕ್ಕೆ, ಜಾಬ್ ಕೆಟ್ಟದ್ದು ಸಂಜೆ. ಅಲ್ಲಿದ್ದ ಐದು ಜನರಲ್ಲಿ ಸಂಜೆ ಆರರ ಮೇಲೆ ಆ ಮೆಷಿನ್ ಹತ್ತಿರ ಯಾವತ್ತಾದರೂ ನಿಂತವರು ಯಾರೂ ಇಲ್ಲ, ನಾನೂ ಸೇರಿ.

ಸೋಮವಾರ ಸಂಜೆ ನಾನು ಮನೆಗೆ ಹೋಗಲಿಲ್ಲ. ಆರು ಗಂಟೆಗೆ ಮೆಷಿನ್ ಪಕ್ಕ ಹೋಗಿ ನಿಂತೆ. ಹುಡುಗ ಬಾಗಿಲು ತೆಗೆದ, ಜಾಬ್ ಹೊರಗೆ ತೆಗೆದ, ಏರ್ ಹೊಡೆದು ಒರೆಸಿದ, ಬೋರ್ ಗೇಜ್ ಹಾಕಿ ಅಳೆದ, ಶೀಟಿನಲ್ಲಿ ಬರೆದ. ಮುಂದಿನದಕ್ಕೆ ಹೋದ. ಒಂದೂ ಬಿಡಲಿಲ್ಲ. ‘ನಾ ಸುಳ್ಳು ಬರದಿಲ್ರೀ ಸರ್, ಅಳದೇ ಬರದೀನ್ರಿ’ ಅಂದ, ನನ್ನ ಮುಖ ನೋಡದೆ.

ನಾನು ಜಾಬನ್ನು ಕೈಗೆ ತೆಗೆದುಕೊಂಡೆ. ಬೆಚ್ಚಗಿತ್ತು. ಬೆಚ್ಚಗೆ ಅಂದರೆ, ಆಗಷ್ಟೇ ಕಾಫಿ ಕುಡಿದಿಟ್ಟ ಸ್ಟೀಲ್ ಲೋಟದ ಹಾಗೆ. ಇಷ್ಟು ವರ್ಷ ಇನ್‌ಸ್ಪೆಕ್ಷನ್ ರೂಮಿನಲ್ಲಿ ನನ್ನ ಕೈಗೆ ಬಂದಿದ್ದ ಜಾಬ್‌ಗಳೆಲ್ಲ ತಣ್ಣಗಿದ್ದವು.

ಹೋಗಿ ನೋಡುವಾಗ ಮೂರು ವಿಷಯ ನೆನಪಿರಲಿ. ಒಂದು, ಬಾಯಿ ಮುಚ್ಚಿಕೊಂಡು ಅರ್ಧ ಗಂಟೆ ಸುಮ್ಮನೆ ನೋಡಿ. ನೀವು ಪ್ರಶ್ನೆ ಶುರು ಮಾಡಿದ ತಕ್ಷಣ ಎದುರಿನವರು ದಿನಾ ಮಾಡುವ ಹಾಗೆ ಮಾಡುವುದು ಬಿಟ್ಟು ಪುಸ್ತಕದಲ್ಲಿ ಇರುವ ಹಾಗೆ ಮಾಡತೊಡಗುತ್ತಾರೆ. ಎರಡು, ಕೈಯಿಂದ ಮುಟ್ಟಿ, ಮೂಸಿ, ಶಬ್ದ ಕೇಳಿ. ಮೆಷಿನ್ ಇಲ್ಲದ ಆಫೀಸಾದರೆ ಆ ವ್ಯಕ್ತಿಯ ಸ್ಕ್ರೀನ್ ಪಕ್ಕ ಕುಳಿತು ಅವರು ಎಲ್ಲಿ ಕ್ಲಿಕ್ ಮಾಡುತ್ತಾರೆ, ಎಲ್ಲಿಂದ ಕಾಪಿ ಮಾಡುತ್ತಾರೆ ನೋಡಿ. ಮೂರು, ‘ಯಾಕೆ ಹೀಗೆ ಮಾಡಿದೆ?’ ಅಂತ ಕೇಳಬೇಡಿ. ‘ಇದನ್ನು ಮಾಡೋದು ಹೇಗೆ, ನನಗೆ ತೋರಿಸಪ್ಪಾ’ ಅಂತ ಕೇಳಿ. ಮೊದಲನೆಯದಕ್ಕೆ ಸಮಜಾಯಿಷಿ ಸಿಗುತ್ತದೆ, ಎರಡನೆಯದಕ್ಕೆ ಮಾಹಿತಿ ಸಿಗುತ್ತದೆ.

ಹಂತ 4: ಎಲ್ಲಿ ಆಗಿದೆ ಅನ್ನುವುದರ ಜೊತೆಗೆ ಎಲ್ಲಿ ಆಗಿಲ್ಲ ಅಂತಲೂ ಬರೆಯಿರಿ

ಈ ಹಂತಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಜನ ಜಾಸ್ತಿ ಬಿಟ್ಟುಬಿಡುವುದೂ ಇದನ್ನೇ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಒಂದು ನಿಮಿಷ ಚಿಲ್ಲರೆಯಲ್ಲಿ ಒಡೆದುಹೋಗಿ ಏಳು ಜನ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿ ಇದ್ದ ಓ-ರಿಂಗ್ ಅನ್ನುವ ರಬ್ಬರ್ ಬಳೆ ಚಳಿಗೆ ಪೆಡಸಾಗಿ, ಬಿಸಿ ಅನಿಲ ಹೊರಗೆ ನುಗ್ಗಿತ್ತು. ಹಿಂದಿನ ರಾತ್ರಿಯೇ ಕೆಲವು ಎಂಜಿನಿಯರುಗಳು ‘ಇಷ್ಟು ಚಳಿಯಲ್ಲಿ ಹಾರಿಸುವುದು ಬೇಡ’ ಅಂತ ವಾದ ಮಾಡಿದ್ದರು. ಆದರೆ ಆ ಚರ್ಚೆಯಲ್ಲಿ ಜನ ನೋಡಿದ್ದು ಓ-ರಿಂಗ್ ಹಾಳಾಗಿದ್ದ ಹಾರಾಟಗಳನ್ನು ಮಾತ್ರ. ಅವು ಚಳಿಯಲ್ಲೂ ಇದ್ದವು, ಸೆಖೆಯಲ್ಲೂ ಇದ್ದವು. ಹಾಗಾಗಿ ತಾಪಮಾನಕ್ಕೂ ಇದಕ್ಕೂ ಸಂಬಂಧ ಇದ್ದ ಹಾಗೆ ಕಾಣಲಿಲ್ಲ.

ದುರಂತದ ಮೇಲೆ ತನಿಖಾ ಆಯೋಗ ಏನೂ ತೊಂದರೆ ಆಗದ ಹಾರಾಟಗಳನ್ನೂ ಸೇರಿಸಿ ನೋಡಿತು. ಚಿತ್ರವೇ ಬದಲಾಯಿತು. ಸುಮಾರು 19 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕಿಂತ ಬೆಚ್ಚಗಿದ್ದಾಗ 20 ಹಾರಾಟಗಳಲ್ಲಿ 3ರಲ್ಲಿ ಮಾತ್ರ ತೊಂದರೆ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದಾಗ 4ಕ್ಕೆ 4ರಲ್ಲೂ ತೊಂದರೆ. ಮಾಹಿತಿ ಮೊದಲಿಂದಲೂ ಅಲ್ಲೇ ಇತ್ತು. ಸರಿಯಾಗಿದ್ದವುಗಳ ಕಡೆ ಯಾರೂ ತಿರುಗಿ ನೋಡಿರಲಿಲ್ಲ, ಅಷ್ಟೇ.

ನಮ್ಮ ಪುಟ್ಟ ಶಾಪಿನಲ್ಲೂ ಆದದ್ದು ಅದೇ. ಕೆಟ್ಟ 37 ಜಾಬ್ ಮಾತ್ರ ನೋಡಿದರೆ ಬೆರಳು ಹುಡುಗನ ಕಡೆ ತೋರಿಸುತ್ತದೆ. ಒಳ್ಳೆಯ 375ನ್ನೂ ಪಕ್ಕಕ್ಕೆ ಇಟ್ಟು ನೋಡಿದೆವು. ಪ್ರತಿ ಟ್ರೇ ಮೇಲೆ ಸಮಯ ಬರೆದ ಚೀಟಿ ಇದ್ದದ್ದು ನಮ್ಮನ್ನು ಕಾಪಾಡಿತು. ಬೋರ್ಡಿನ ಮಧ್ಯೆ ಗೆರೆ ಎಳೆದು ಎಡಕ್ಕೆ ‘ಇದೆ’, ಬಲಕ್ಕೆ ‘ಇಲ್ಲ’ ಅಂತ ಬರೆದೆವು.

ಗುರುವಾರ ಮತ್ತು ಶನಿವಾರ ಸಂಜೆ ಇದೆ. ಶುಕ್ರವಾರ ಸಂಜೆ ಇಲ್ಲ.
ಸೆಕೆಂಡ್ ಶಿಫ್ಟಿನಲ್ಲಿ ಸಂಜೆ 5ರ ಮೇಲೆ ಇದೆ. ಮಧ್ಯಾಹ್ನ 2ರಿಂದ 5ರವರೆಗೆ ಒಂದೂ ಇಲ್ಲ.
ಫಸ್ಟ್ ಶಿಫ್ಟಿನಲ್ಲಿ ಶುಕ್ರವಾರ ಮಧ್ಯಾಹ್ನ ಒಂದರ ಮೇಲೆ ಎರಡು ಇದೆ. ಬೇರೆ ದಿನ ಇಲ್ಲ.

ಆಗ ಎಲ್ಲರೂ ಸುಮ್ಮನಾದರು. ಶುಕ್ರವಾರ ಸಂಜೆಯೂ ಅದೇ ಹುಡುಗ, ಅದೇ ಮೆಷಿನ್, ಅದೇ ಗೇಜ್. ಹುಡುಗ ಸೋಮಾರಿಯಾದರೆ ಶುಕ್ರವಾರ ಮಾತ್ರ ಚುರುಕಾಗಿದ್ದು ಯಾಕೆ? ಮತ್ತೆ ಆ ಫಸ್ಟ್ ಶಿಫ್ಟಿನ ಎರಡು ಜಾಬ್ ಮಾಡಿದ್ದು ಹದಿನೆಂಟು ವರ್ಷ ಸರ್ವಿಸ್ ಆದ ಆಪರೇಟರ್. ಮೊದಲ ದಿನ ಆ ಎರಡನ್ನು ನಾವು ‘ಇರಲಿ ಬಿಡಿ, ಬರೀ ಎರಡು’ ಅಂತ ಪಕ್ಕಕ್ಕೆ ತಳ್ಳಿದ್ದೆವು. ಲೆಕ್ಕಕ್ಕೆ ಹೊಂದದ ಇಂಥ ಒಂದೆರಡನ್ನು ಯಾವತ್ತೂ ತಳ್ಳಬೇಡಿ. ಕಾರಣದ ಬಾಲ ಸಾಮಾನ್ಯವಾಗಿ ಅಲ್ಲೇ ಕೈಗೆ ಸಿಗುತ್ತದೆ.

ಶುಕ್ರವಾರ ಏನು ಬೇರೆ ಇತ್ತು ಅಂತ ಕೇಳುತ್ತಾ ಹೋದೆವು. ಮೆಷಿನ್ನಿನ ಟ್ಯಾಂಕಿಗೆ ಕೂಲಂಟ್, ಅಂದರೆ ಕಟ್ ಆಗುವಾಗ ಜಾಬನ್ನು ತಣ್ಣಗಿಡುವ ದ್ರವ, ತುಂಬುವ ಹೆಲ್ಪರ್ ಅಂದು ರಜೆ. ಬೆಳಿಗ್ಗೆ ಫಸ್ಟ್ ಶಿಫ್ಟ್ ಆಪರೇಟರ್ ಉಳಿದಿದ್ದ ಒಂದು ಬಕೆಟ್ ಸುರಿದಿದ್ದರು. ಅದು ಮಧ್ಯಾಹ್ನದ ಹೊತ್ತಿಗೆ ಕಡಿಮೆ ಬಿದ್ದಿತ್ತು. ಎರಡು ಗಂಟೆಗೆ ಶಿಫ್ಟಿಗೆ ಬಂದ ನಮ್ಮ ಹುಡುಗ ಟ್ಯಾಂಕ್ ನೋಡಿ, ತಾನೇ ಸ್ಟೋರಿಗೆ ಹೋಗಿ ಕೇಳಿ ತಂದು ಪೂರ್ತಿ ತುಂಬಿಸಿದ್ದ. ಅವನ ಮೇಲೆ ನಾವು ಹೊರಿಸಿದ್ದ ಆರೋಪ ಏನು, ಅವನು ಮಾಡಿದ್ದ ಕೆಲಸ ಏನು ನೋಡಿ.

ಹಂತ 5: ಪ್ರತಿ ಊಹೆಗೂ ಒಂದು ಪರೀಕ್ಷೆ ಒಡ್ಡಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಹಾಗಾಗದಿರಲು ಒಂದು ಸರಳ ಪ್ರಶ್ನೆ ಸಾಕು: ‘ಇದೇ ಕಾರಣ ಆಗಿದ್ದರೆ ಇನ್ನೇನು ಕಾಣಬೇಕಿತ್ತು? ಏನು ಕಾಣಬಾರದಿತ್ತು?’

ನಮ್ಮ ಪಟ್ಟಿಯಲ್ಲಿ ಐದು ಊಹೆ ಇದ್ದವು. ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಚಿಕ್ಕ ಅಲಗು, ಸವೆದಿದೆ ಅನ್ನುವುದು ಒಂದು. ಇನ್ಸರ್ಟ್ ಸವೆದರೆ ಬೋರ್ ನಿಜಕ್ಕೂ ಚಿಕ್ಕದಾಗುತ್ತದೆ. ಆದರೆ ಆಗ ಸೈಜ್ ನಿಧಾನವಾಗಿ ಇಳಿಯುತ್ತಾ ಹೋಗಬೇಕು, ಇನ್ಸರ್ಟ್ ಬದಲಿಸಿದ ಕೂಡಲೇ ಮೇಲಕ್ಕೆ ಬರಬೇಕು. ಹಾಗೆ ಕಾಣಲಿಲ್ಲ. ಬೋರ್ ಗೇಜ್ ಕೆಟ್ಟಿದ್ದರೆ ಎರಡೂ ಶಿಫ್ಟಿನಲ್ಲಿ, ಎಲ್ಲ ಹೊತ್ತಿನಲ್ಲೂ ತೊಂದರೆ ಬರಬೇಕು, ಗೇಜ್ ಒಂದೇ. ಕಾಸ್ಟಿಂಗ್ ಲಾಟ್, ಅಂದರೆ ನಮಗೆ ಬಂದ ಎರಕದ ಮಾಲು, ಸರಿಯಿಲ್ಲ ಅಂದರೂ ಅದೇ ಉತ್ತರ. ಹುಡುಗ ಅಳೆಯುತ್ತಿಲ್ಲ ಅನ್ನುವ ಊಹೆ ಶುಕ್ರವಾರದ ಮುಂದೆ ನಿಲ್ಲಲಿಲ್ಲ. ಉಳಿದದ್ದು ಐದನೆಯದು. ಕೂಲಂಟ್ ಕಡಿಮೆಯಾದಾಗ ಜಾಬ್ ಬಿಸಿಯಾಗಿ ಹೊರಗೆ ಬರುತ್ತದೆ. ಬಿಸಿ ಜಾಬ್ ಹಿಗ್ಗಿರುತ್ತದೆ, ಬೋರೂ ಹಿಗ್ಗಿರುತ್ತದೆ. ಆಗ ಅಳೆದರೆ ಓಕೆ. ರಾತ್ರಿ ತಣ್ಣಗಾದ ಮೇಲೆ ಕುಗ್ಗುತ್ತದೆ. ಬೆಳಿಗ್ಗೆ ನಾವು ಅಳೆದರೆ ಚಿಕ್ಕದು.

ಲೆಕ್ಕ ಹಾಕಿ ನೋಡಿ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಸ್ಟೀಲ್ ಅದರ ಅರ್ಧದಷ್ಟು. 50 ಮಿ.ಮೀ. ಬೋರಿಗೆ ಒಂದು ಡಿಗ್ರಿಗೆ 1.15 ಮೈಕ್ರಾನ್. ಜಾಬ್ 15 ಡಿಗ್ರಿ ಬಿಸಿ ಇದ್ದರೆ 17 ಮೈಕ್ರಾನ್ ಆಯಿತು. ನಮಗೆ ಇದ್ದ ಜಾಗವೇ 25 ಮೈಕ್ರಾನ್. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ 1931ರಲ್ಲೇ ಜಗತ್ತಿನ ದೇಶಗಳು ಒಂದು ನೆಲೆ ಒಪ್ಪಿಕೊಂಡಿವೆ, ಇದೇ ಕಾರಣಕ್ಕೆ. ನಾನು ಡಿಪ್ಲೊಮಾದಲ್ಲಿ ಇದನ್ನು ಓದಿ ಪಾಸಾಗಿದ್ದೆ. ಆದರೆ ಮೀಟಿಂಗ್ ಟೇಬಲ್ ಮುಂದೆ ಕುಳಿತಾಗ ನೆನಪಿಗೆ ಬಂದದ್ದು ಹುಡುಗನ ಮುಖ, ಈ ಲೆಕ್ಕ ಅಲ್ಲ.

ಹಂತ 6: ಚಿಕ್ಕದಾಗಿ, ಕಣ್ಣೆದುರು ಪರೀಕ್ಷೆ ಮಾಡಿ

ಊಹೆ ಎಷ್ಟೇ ಚಂದ ಇದ್ದರೂ ಅದು ಊಹೆಯೇ. ಚಾಲೆಂಜರ್ ತನಿಖೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಎಲ್ಲರ ಮುಂದೆ ಓ-ರಿಂಗ್ ರಬ್ಬರಿನ ಒಂದು ತುಂಡನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಅದ್ದಿದರು. ಹೊರತೆಗೆದು ಕ್ಲಾಂಪ್ ಬಿಚ್ಚಿದಾಗ ರಬ್ಬರ್ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ದೊಡ್ಡ ದೊಡ್ಡ ವರದಿ ಹೇಳಲಾಗದ್ದನ್ನು ಒಂದು ಲೋಟ ನೀರು ತೋರಿಸಿತು.

ನಮ್ಮ ಪರೀಕ್ಷೆಗೆ ಐಸೂ ಬೇಕಾಗಲಿಲ್ಲ. ಮಂಗಳವಾರ ಸಂಜೆ ಆರೂವರೆಗೆ ಮೆಷಿನ್‌ನಿಂದ ಆಗಷ್ಟೇ ಬಂದ ಜಾಬ್ ಒಂದನ್ನು ಹುಡುಗನ ಕೈಯಲ್ಲೇ ಅಳೆಸಿದೆವು. 50.012. ಅದನ್ನು ಇನ್‌ಸ್ಪೆಕ್ಷನ್ ರೂಮಿನ ಗ್ರಾನೈಟ್ ಪ್ಲೇಟ್ ಮೇಲೆ ಇಟ್ಟು ಟೀ ಕುಡಿಯಲು ಹೋದೆವು. ನಲವತ್ತು ನಿಮಿಷ ಬಿಟ್ಟು ಅದೇ ಗೇಜಿನಲ್ಲಿ, ಅದೇ ಹುಡುಗ ಅಳೆದ. 49.995. ಅವನು ಗೇಜನ್ನು ಅಳತೆ ಗೊತ್ತಿರುವ ರಿಂಗಿನಲ್ಲಿ ಇನ್ನೊಮ್ಮೆ ಸೆಟ್ ಮಾಡಿ ಮತ್ತೆ ಅಳೆದ. ಮತ್ತೆ 49.995.

ಅಲ್ಲಿಗೆ ನಿಲ್ಲಿಸಲಿಲ್ಲ. ಟ್ಯಾಂಕಿಗೆ ಕೂಲಂಟ್ ತುಂಬಿ ಹತ್ತು ಜಾಬ್ ಓಡಿಸಿದೆವು. ಬಿಸಿ ಇಲ್ಲ, ತಣ್ಣಗಾದ ಮೇಲೂ ಸೈಜ್ ಬದಲಾಗಲಿಲ್ಲ. ಕಾರಣ ಅಂತ ನೀವು ನಂಬಿದ್ದನ್ನು ತೆಗೆದರೆ ಸಮಸ್ಯೆ ಹೋಗಬೇಕು, ಮತ್ತೆ ಹಾಕಿದರೆ ಬರಬೇಕು. ಎರಡೂ ಆದರೆ ಮಾತ್ರ ಒಪ್ಪಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇನ್ಸರ್ಟೂ ಬದಲಿಸಿ, ಕೂಲಂಟೂ ತುಂಬಿ, ಆಪರೇಟರನ್ನೂ ಬದಲಿಸಿದರೆ ಸಮಸ್ಯೆ ಹೋಗಬಹುದು, ಆದರೆ ಯಾವುದರಿಂದ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಂದ ಹಾಗೆ, ಸೋಮವಾರದ ಮೀಟಿಂಗಿನಲ್ಲಿ ಒಬ್ಬರು ‘ಆಫ್‌ಸೆಟ್ 15 ಮೈಕ್ರಾನ್ ಜಾಸ್ತಿ ಕೊಡಿ, ಮುಗೀತು’ ಅಂದಿದ್ದರು, ಅಂದರೆ ಮೆಷಿನ್ನಿಗೆ ಕೊಟ್ಟ ಸೈಜನ್ನೇ ಅಷ್ಟು ದೊಡ್ಡದು ಮಾಡಿ ಅಂತ. ಹಾಗೆ ಮಾಡಿದ್ದರೆ ಬೆಳಗಿನ ತಣ್ಣನೆಯ ಜಾಬ್‌ಗಳು 50.012ರಿಂದ 50.027ಕ್ಕೆ ಹೋಗುತ್ತಿದ್ದವು. ಸರಿ ಮಾಡಲಾಗದ ಸ್ಕ್ರ್ಯಾಪ್.

ಹಂತ 7: ‘ಏಕೆ’ ಅಂತ ಕೇಳುತ್ತಾ ಕೆಳಗೆ ಇಳಿಯಿರಿ, ಮನುಷ್ಯನ ಹತ್ತಿರ ನಿಲ್ಲಬೇಡಿ

ಐದು ಸಲ ಏಕೆ ಅಂತ ಕೇಳುವ ಪದ್ಧತಿ ಟೊಯೊಟಾದಿಂದ ಬಂದದ್ದು. ಆಟೋ ಕಂಪನಿಗಳಿಗೆ ಜಾಬ್ ಮಾಡಿಕೊಡುವವರಿಗೆಲ್ಲ ‘ಫೈವ್ ವೈ’ ಶೀಟ್ ತುಂಬುವುದು ಗೊತ್ತು. ಟೊಯೊಟಾದ ತಾಯಿಚಿ ಓನೊ ಕೊಟ್ಟ ಉದಾಹರಣೆ ಹೀಗಿದೆ. ಮೆಷಿನ್ ಏಕೆ ನಿಂತಿತು? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಲೋಡ್ ಏಕೆ ಜಾಸ್ತಿಯಾಯಿತು? ಬೇರಿಂಗಿಗೆ ಎಣ್ಣೆ ಸಾಕಾಗಲಿಲ್ಲ. ಏಕೆ? ಎಣ್ಣೆಯ ಪಂಪು ಸರಿಯಾಗಿ ಎಳೆಯುತ್ತಿಲ್ಲ. ಏಕೆ? ಪಂಪಿನ ಶಾಫ್ಟ್ ಸವೆದಿದೆ. ಏಕೆ? ಸೋಸುವ ಜಾಲರಿ ಇಲ್ಲದೆ ಲೋಹದ ಪುಡಿ ಒಳಗೆ ಹೋಗಿದೆ. ಮೊದಲನೆಯ ಏಕೆಗೆ ನಿಂತರೆ ಫ್ಯೂಸ್ ಹಾಕಿ ಕೈ ತೊಳೆದುಕೊಳ್ಳುತ್ತೀರಿ. ಕೊನೆಯವರೆಗೆ ಹೋದರೆ ಒಂದು ಜಾಲರಿ ಹಾಕುತ್ತೀರಿ.

ನಮ್ಮದು ಹೀಗೆ ಇಳಿಯಿತು. ಬೋರ್ ಏಕೆ ಚಿಕ್ಕದಾಯಿತು? ಬಿಸಿ ಇದ್ದಾಗ ಅಳೆದ ರೀಡಿಂಗ್ ನಂಬಿ ಮೆಷಿನ್ ಸೈಜ್ ಹಾಗೇ ಬಿಟ್ಟರು. ಜಾಬ್ ಏಕೆ ಬಿಸಿ? ಕೂಲಂಟ್ ಸರಿಯಾಗಿ ಬೀಳುತ್ತಿರಲಿಲ್ಲ. ಏಕೆ? ಸಂಜೆಯ ಹೊತ್ತಿಗೆ ಟ್ಯಾಂಕ್ ಇಳಿದಿರುತ್ತಿತ್ತು. ಸಂಜೆ ಏಕೆ ತುಂಬುತ್ತಿರಲಿಲ್ಲ? ತುಂಬುವುದು ಬೆಳಿಗ್ಗೆ ಆರೂವರೆಗೆ ಒಂದೇ ಸಲ, ಸ್ಟೋರ್ ಸಂಜೆ ಐದೂವರೆಗೆ ಬೀಗ, ಕೀ ಸ್ಟೋರಿನವರ ಜೊತೆ ಮನೆಗೆ. ಏಕೆ? ಈ ಪದ್ಧತಿ ಮಾಡಿದ್ದು ಶಾಪಿನಲ್ಲಿ ಒಂದೇ ಶಿಫ್ಟ್ ಇದ್ದ ಕಾಲದಲ್ಲಿ. ಸೆಕೆಂಡ್ ಶಿಫ್ಟ್ ಶುರುವಾದಾಗ ಯಾರೂ ಅದನ್ನು ಬದಲಿಸಿರಲಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಐದು ಅನ್ನುವುದು ಮಂತ್ರ ಅಲ್ಲ. ಮೂರಕ್ಕೇ ಮುಗಿಯಬಹುದು, ಏಳಾಗಬಹುದು. ನೀವು ಬದಲಿಸಬಲ್ಲ ಒಂದು ಪದ್ಧತಿ ಅಥವಾ ವಸ್ತು ಸಿಕ್ಕಾಗ ನಿಲ್ಲಿ. ಇನ್ನೊಂದು, ಪ್ರತಿ ಉತ್ತರಕ್ಕೂ ಸಾಕ್ಷಿ ಇರಬೇಕು. ಕುರ್ಚಿಯಲ್ಲಿ ಕುಳಿತು ಐದು ಏಕೆ ಬರೆದರೆ ಅದು ಒಂದರ ಮೇಲೊಂದು ಪೇರಿಸಿದ ಊಹೆ ಅಷ್ಟೇ. ನಿಮ್ಮ ಕೊನೆಯ ಉತ್ತರ ‘ಗಮನ ಕೊಡಲಿಲ್ಲ’, ‘ಮರೆತರು’ ಅಂತ ಬಂದರೆ ಇನ್ನೊಂದು ಸಲ ಕೇಳಿ: ಮರೆಯುವಂತೆ ಇದ್ದದ್ದು ಏಕೆ?

ಆಫೀಸಿನಲ್ಲೂ ಇದೇ ದಾರಿ

ಮೆಷಿನ್ ಶಾಪಿನ ಕತೆ ನಮಗೆ ಹೊಂದುವುದಿಲ್ಲ ಅಂತ ಅನ್ನಿಸಬಹುದು. ಬಿಲ್ಲಿಂಗ್ ವಿಭಾಗದ ಒಂದು ಉದಾಹರಣೆ ನೋಡಿ. ತಿಂಗಳಿಗೆ ಆರೇಳು ಬಿಲ್‌ಗಳಲ್ಲಿ ಗಿರಾಕಿಯ ಜಿಎಸ್‌ಟಿ ನಂಬರ್ ತಪ್ಪು. ‘ಆ ಹುಡುಗಿ ಫೋನ್ ನೋಡುತ್ತಾ ಟೈಪ್ ಮಾಡ್ತಾಳೆ’ ಅನ್ನುವ ಮಾತು ಎರಡು ನಿಮಿಷದಲ್ಲಿ ಹುಟ್ಟುತ್ತದೆ. ಇದೆ-ಇಲ್ಲ ಬರೆದು ನೋಡಿ. ಹೊಸ ಗಿರಾಕಿಗಳ ಬಿಲ್‌ನಲ್ಲಿ ಇದೆ, ಹಳಬರದ್ದರಲ್ಲಿ ಇಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದವರದ್ದರಲ್ಲಿ ಇದೆ, ಈಮೇಲ್‌ನಲ್ಲಿ ಬರೆದು ಕಳಿಸಿದವರದ್ದರಲ್ಲಿ ಇಲ್ಲ. ಅವಳು ಫೋನ್ ನೋಡುವುದು ನಿಜ, ಯಾಕೆಂದರೆ ನಂಬರ್ ಇರುವುದೇ ಫೋನಿನಲ್ಲಿ. ತಪ್ಪಾದ ಅಕ್ಷರಗಳನ್ನು ನೋಡಿದರೆ ಇಂಗ್ಲಿಷ್ ಓ ಮತ್ತು ಸೊನ್ನೆ, ಐ ಮತ್ತು ಒಂದು ಅದಲು ಬದಲು.

ಈಗ ಪರಿಹಾರ ತಾನಾಗೇ ಕಾಣುತ್ತದೆ. ಜಿಎಸ್‌ಟಿ ನಂಬರಿನಲ್ಲಿ 15 ಸ್ಥಾನ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರ್: ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಅಂದರೆ ಆ ಹನ್ನೆರಡು ಸ್ಥಾನಗಳಲ್ಲಿ ಎಲ್ಲಿ ಸೊನ್ನೆ ಬರಬೇಕು, ಎಲ್ಲಿ ಓ ಬರಬೇಕು ಅಂತ ಊಹಿಸುವ ಅಗತ್ಯವೇ ಇಲ್ಲ. ಎಕ್ಸೆಲ್‌ನಲ್ಲೇ ತಡೆ ಹಾಕಬಹುದು. ಹೊಸ ಗಿರಾಕಿಯ ನಂಬರನ್ನು ಒಂದು ಸಲ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹೆಸರು ತಾಳೆ ನೋಡಿದರೆ ಮುಗಿಯಿತು. ‘ಹುಷಾರಾಗಿ ಟೈಪ್ ಮಾಡಮ್ಮಾ’ ಅಂತ ಹೇಳಿದ್ದರೆ ಮುಂದಿನ ತಿಂಗಳೂ ಆರೇಳು ಬರುತ್ತಿತ್ತು, ಜೊತೆಗೆ ಒಬ್ಬ ಒಳ್ಳೆಯ ಕೆಲಸಗಾರ್ತಿಯ ಮನಸ್ಸೂ ಮುರಿಯುತ್ತಿತ್ತು.

ಹಂತ 8: ಹುಷಾರು ಹೇಳಬೇಡಿ, ತಪ್ಪಾಗದ ಹಾಗೆ ಮಾಡಿ

‘ಆಪರೇಟರ್‌ಗೆ ಟ್ರೈನಿಂಗ್ ಕೊಡಲಾಗಿದೆ’ ಅನ್ನುವ ಸಾಲು ಎಷ್ಟು ರಿಪೋರ್ಟ್‌ಗಳಲ್ಲಿ ಬರೆದಿದ್ದೇನೋ ಲೆಕ್ಕ ಇಲ್ಲ. ಅದು ಅತಿ ದುರ್ಬಲ ಪರಿಹಾರ. ಅದಕ್ಕಿಂತ ಗಟ್ಟಿ, ಕಣ್ಣಿಗೆ ಕಾಣುವ ಗುರುತು. ಅದಕ್ಕಿಂತಲೂ ಗಟ್ಟಿ, ತಪ್ಪು ಮಾಡಲು ಹೋದರೆ ಕೆಲಸವೇ ಮುಂದೆ ಸಾಗದ ಹಾಗೆ ಮಾಡುವುದು.

ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಇಂಥ ಉಪಾಯಗಳಿಗೆ ಮೊದಲು ‘ಬಾಕಾ-ಯೋಕೆ’ ಅನ್ನುತ್ತಿದ್ದರು. ದಡ್ಡರಿಂದ ತಪ್ಪಾಗದ ಹಾಗೆ ತಡೆಯುವುದು ಅಂತ ಅರ್ಥ. 1963ರಲ್ಲಿ ಒಂದು ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಆ ಪದ ಕೇಳಿ, ನಾನು ಅಷ್ಟೊಂದು ದಡ್ಡಿಯಾ ಅಂತ ಅತ್ತುಬಿಟ್ಟಳಂತೆ. ಆಮೇಲೆ ಶಿಂಗೊ ಪದವನ್ನೇ ಬದಲಿಸಿದರು. ‘ಪೋಕಾ-ಯೋಕೆ’, ಅಂದರೆ ಕೈತಪ್ಪು ಆಗದ ಹಾಗೆ ತಡೆಯುವುದು. ಇವತ್ತು ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಬಳಕೆಯಲ್ಲಿರುವುದು ಆ ಎರಡನೆಯ ಪದ. ನನಗೆ ಈ ಕತೆ ತುಂಬಾ ಇಷ್ಟ.

ನಾವು ಮಾಡಿದ್ದು ಇಷ್ಟು. ಟ್ಯಾಂಕಿನ ಮೇಲೆ ಕೆಂಪು ಗೆರೆ. ಕಲಸಿಟ್ಟ ಕೂಲಂಟಿನ ಕ್ಯಾನ್ ಮೆಷಿನ್ ಪಕ್ಕದಲ್ಲೇ. ಹೆಲ್ಪರ್‌ಗೆ ಸಂಜೆ ನಾಲ್ಕೂವರೆಗೆ ಇನ್ನೊಂದು ರೌಂಡ್. ಮುಂದಿನ ತಿಂಗಳು ಫ್ಲೋಟ್ ಸ್ವಿಚ್ ಹಾಕಿಸಿದೆವು, ಕೂಲಂಟ್ ಗೆರೆಗಿಂತ ಇಳಿದರೆ ಮೆಷಿನ್ ಮುಂದಿನ ಜಾಬ್ ತೆಗೆದುಕೊಳ್ಳುವುದಿಲ್ಲ. ಆಮೇಲೆ ಎರಡು ತಿಂಗಳು ದಿನಾ ಸಂಜೆ ಐದು ಜಾಬ್ ಬಿಸಿಯಲ್ಲೊಮ್ಮೆ, ತಣ್ಣಗಾದ ಮೇಲೊಮ್ಮೆ ಅಳೆದು ಬರೆದಿಟ್ಟೆವು. ಪರಿಹಾರ ಕೆಲಸ ಮಾಡಿದೆಯಾ ಅಂತ ನೋಡದೆ ಫೈಲ್ ಮುಚ್ಚಬೇಡಿ.

ಮೇಲಿನವರಿಗೆ ಹೇಳುವುದು ಹೇಗೆ?

ಇದು ಯಾವ ಟ್ರೈನಿಂಗಿನಲ್ಲೂ ಸರಿಯಾಗಿ ಹೇಳಿಕೊಡುವುದಿಲ್ಲ. ಯೋಚನೆ ಸರಿಯಿದ್ದರೂ ಹೇಳುವ ರೀತಿ ತಪ್ಪಿದರೆ ಕೆಲಸ ಕೆಡುತ್ತದೆ. ನಮ್ಮ ಓನರ್ ಮೂವತ್ತು ವರ್ಷ ಲೇತ್ ಮುಂದೆ ನಿಂತು ಬೆಳೆದವರು. ‘ಹುಡುಗನದೇ ತಪ್ಪು’ ಅಂತ ಅವರು ಹೇಳಿದ ಮೇಲೆ ಎಲ್ಲರ ಮುಂದೆ ‘ಇಲ್ಲ ಸರ್’ ಅಂದರೆ ಆಗುವುದಿಲ್ಲ. ನಾನು ಅವರ ಕ್ಯಾಬಿನ್ನಿಗೆ ಹೋಗಿ ‘ಸರ್, ನೀವು ಹೇಳಿದ್ದು ಇರಬಹುದು. ನನಗೆ ಒಂದೇ ಡೌಟು. ಶುಕ್ರವಾರ ಸಂಜೆ ಒಂದೂ ಯಾಕೆ ಬರಲಿಲ್ಲ?’ ಅಂದೆ. ಚೀಟಿಗಳನ್ನು ಟೇಬಲ್ ಮೇಲೆ ಇಟ್ಟೆ. ಅವರು ಎರಡು ನಿಮಿಷ ನೋಡಿದರು. ‘ಟ್ಯಾಂಕ್ ಯಾರು ತುಂಬ್ತಾರೆ ಕೇಳಿ’ ಅಂದವರು ಅವರೇ.

ಅಭಿಪ್ರಾಯದ ಎದುರು ಅಭಿಪ್ರಾಯ ಇಟ್ಟರೆ ಜಗಳ ಆಗುತ್ತದೆ. ಅಂಕಿ ಇಟ್ಟು ಪ್ರಶ್ನೆ ಕೇಳಿದರೆ ಎದುರಿನವರೂ ಯೋಚಿಸತೊಡಗುತ್ತಾರೆ. ಮೇಲಿನವರ ಊಹೆಯನ್ನೂ ಪಟ್ಟಿಯಲ್ಲಿ ಒಂದಾಗಿ ಗೌರವದಿಂದ ಬರೆಯಿರಿ, ಉಳಿದವಕ್ಕೆ ಒಡ್ಡುವ ಪರೀಕ್ಷೆಯನ್ನೇ ಅದಕ್ಕೂ ಒಡ್ಡಿ. ನೀವೇ ಮೇಲಿನವರಾಗಿದ್ದರೆ ಮೀಟಿಂಗಿನಲ್ಲಿ ನಿಮ್ಮ ಊಹೆಯನ್ನು ಎಲ್ಲರಿಗಿಂತ ಕೊನೆಗೆ ಹೇಳಿ. ನೀವು ಮೊದಲು ಹೇಳಿದರೆ ಉಳಿದವರು ಅದಕ್ಕೆ ಹೂಂ ಅನ್ನುತ್ತಾರೆ.

ಎಲ್ಲ ಸಣ್ಣ ವಿಷಯಕ್ಕೂ ಈ ಎಂಟು ಹಂತ ಬೇಕಿಲ್ಲ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೆ ಎಳೆದು ತೆಗೆಯಿರಿ. ಅದೇ ತೊಂದರೆ ಮೂರನೇ ಸಲ ಬಂದಾಗ, ಕಸ್ಟಮರಿಗೆ ತಲುಪಿದಾಗ, ಇಲ್ಲ ಒಬ್ಬ ಮನುಷ್ಯನ ಮೇಲೆ ಬೆರಳು ತೋರಿಸುವ ಹಂತಕ್ಕೆ ಬಂದಾಗ ಕುಳಿತು ಪೂರ್ತಿ ಮಾಡಿ. ಸಮಯ ಇಲ್ಲ ಅನ್ನುವವರು ಒಂದು ಮಾಡಿದರೂ ಸಾಕು, ಇದೆ-ಇಲ್ಲ ಪಟ್ಟಿ. ಅದಕ್ಕೆ ಒಂದು ಹಾಳೆ, ಇಪ್ಪತ್ತು ನಿಮಿಷ ಬೇಕು, ಅಷ್ಟೇ.

ಬುಧವಾರ ಎರಡು ಗಂಟೆಗೆ ಶಿಫ್ಟ್ ಬದಲಾಗುವ ಹೊತ್ತು. ಸೋಮವಾರದ ಮೀಟಿಂಗಿನಲ್ಲಿ ಇದ್ದ ಐದೂ ಜನ ಮೆಷಿನ್ ಹತ್ತಿರ ಹೋದೆವು. ಮಾತು ಆಡಿದ್ದು ಎಲ್ಲರ ಮುಂದೆ, ಆದ್ದರಿಂದ ವಾಪಸ್ ತೆಗೆದುಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕು ಅಂತ ನಾನು ಹಠ ಹಿಡಿದಿದ್ದೆ. ‘ನಿನ್ನ ರೀಡಿಂಗ್ ಸರಿ ಇತ್ತಪ್ಪಾ, ತಪ್ಪಾಗಿದ್ದು ನಮ್ಮ ಕಡೆಯಿಂದ’ ಅಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಾ ಹೇಳಿದ್ನಲ್ರೀ ಸರ್’ ಅಂದ. ಆಮೇಲೆ ಟ್ಯಾಂಕಿನ ಮುಚ್ಚಳ ಎತ್ತಿ ಕೂಲಂಟ್ ಎಷ್ಟಿದೆ ಅಂತ ನೋಡಿ, ಬಾಗಿಲು ಎಳೆದು ಜಾಬ್ ಶುರು ಮಾಡಿದ.